ಪ್ರೊಸೆಸರ್ ಕೇಳಿಕೊಂಡು ಬಂದವರು

ಸಾಗರದ ಬಸ್‌ಸ್ಟ್ಯಾಂಡಿಗೆ ಹತ್ತಿರ, ಒಂದು ಹೊಲಿಗೆ ಅಂಗಡಿಯ ಮೇಲಿನ ಮಹಡಿಯಲ್ಲಿ ನನ್ನ ಕಂಪ್ಯೂಟರ್ ಅಂಗಡಿ. ಬಿಡಿಭಾಗ ತರಿಸುವುದು, ಜೋಡಿಸುವುದು, ಚಾಲೂ ಮಾಡಿ ಕೊಡುವುದು ನನ್ನ ಕೆಲಸ. ಈಚೆಗೆ ಮೆಟ್ಟಿಲು ಹತ್ತಿ ಬರುವವರಲ್ಲಿ ಅರ್ಧಕ್ಕರ್ಧ ಜನ ಕೇಳುವುದು ಒಂದೇ ಪ್ರಶ್ನೆ: “ಕಡಿಮೆ ಬಜೆಟ್ಟಲ್ಲಿ ಗೇಮ್ ಆಡೋ ಕಂಪ್ಯೂಟರ್ ಬೇಕು. ಯಾವ ಪ್ರೊಸೆಸರ್ ಹಾಕ್ಸೋದು, ಯಾವ ಮದರ್‌ಬೋರ್ಡ್ ಹಾಕ್ಸೋದು?” ಪ್ರಶ್ನೆ ಒಂದೇ ಆದರೂ ಕೇಳುವ ಜನ ಬೇರೆ ಬೇರೆ. ಹಾಗಾಗಿ ವಾರಕ್ಕೊಂದಾದರೂ ನಗುವಂಥದ್ದು ಆಗಿಯೇ ಆಗುತ್ತದೆ. ಆದಾಗ ನಗುವ ಹಾಗಿಲ್ಲ, ಗಿರಾಕಿ ಎದುರಿಗೇ ಇರುತ್ತಾರೆ. ಅವರು ಮೆಟ್ಟಿಲು ಇಳಿದ ಮೇಲೆ ನಗೋಣ ಅಂದರೆ ಅಷ್ಟರಲ್ಲಿ ಇನ್ನೊಬ್ಬರು ಹತ್ತಿ ಬರುತ್ತಿರುತ್ತಾರೆ. ಹೀಗೆ ನಗದೆ ಉಳಿಸಿಕೊಂಡದ್ದು ಬೇಕಾದಷ್ಟಿದೆ. ಕೆಲವನ್ನು ಇಲ್ಲಿ ಹೇಳಿ ಹಗುರಾಗುತ್ತೇನೆ.

ಯಜಮಾನ್ರು ಇಲ್ವಾ?

ತುಮರಿ ಕಡೆಯವರೊಬ್ಬರು ಕಾಲೇಜಿಗೆ ಹೋಗುವ ಮಗಳನ್ನು ಕರೆದುಕೊಂಡು ಬಂದಿದ್ದರು. ಹಿನ್ನೀರು ದಾಟಲು ಲಾಂಚ್ ನಂಬಿಕೊಂಡಿದ್ದ ಕಾಲದಲ್ಲಿ ಸಾಗರಕ್ಕೆ ಬರಬೇಕಾದರೆ ಹತ್ತು ಕೆಲಸ ಒಟ್ಟು ಮಾಡಿಕೊಂಡು ಬರುತ್ತಿದ್ದರಂತೆ. ಈಗ ಸೇತುವೆ ಆಗಿ ಒಂದೇ ಕೆಲಸಕ್ಕೂ ಬರುವ ಹಾಗಾಗಿದೆ ಅಂತ ಮೊದಲು ಅದನ್ನೇ ಹೇಳಿದರು. ಆಮೇಲೆ ಅಂಗಡಿಯ ಒಳಗೆಲ್ಲ ಒಮ್ಮೆ ಕಣ್ಣಾಡಿಸಿ ಕೇಳಿದರು.

“ಯಜಮಾನ್ರು ಇಲ್ವಾ ಅಮ್ಮಾ?”

“ನಾನೇ, ಹೇಳಿ.”

“ಅಲ್ಲ, ಕಂಪ್ಯೂಟರ್ ಜೋಡ್ಸೋರು...”

“ಅದೂ ನಾನೇ.”

ಅವರು ಒಳ್ಳೆಯ ಮನುಷ್ಯರು. ನನ್ನ ಮನಸ್ಸಿಗೆ ನೋವಾಗದ ಹಾಗೆ ನಕ್ಕರು. “ಆಯ್ತಾಯ್ತು, ಅವ್ರು ಬರ್ಲಿ. ನಮ್ಗೇನೂ ಅವಸರ ಇಲ್ಲ” ಅಂತ ಸ್ಟೂಲ್ ಎಳೆದುಕೊಂಡು ಕೂತರು. ಮಗಳು ತಲೆ ತಗ್ಗಿಸಿದಳು.

ಹೊತ್ತಿಗೆ ಸರಿಯಾಗಿ ನನ್ನ ಗಂಡ ಊಟದ ಡಬ್ಬಿ ಹಿಡಿದುಕೊಂಡು ಬಂದರು. ಅವರು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಮನೆಯ ಟೀವಿಯ ರಿಮೋಟಿಗೆ ಸೆಲ್ ಹಾಕಬೇಕಾದರೂ ನನ್ನನ್ನು ಕೂಗುವವರು. ತುಮರಿಯವರು ಗೌರವದಿಂದ ಎದ್ದು ನಿಂತರು.

“ಸಾರ್, ಮಗಳಿಗೆ ಗೇಮ್ ಆಡೋ ಕಂಪ್ಯೂಟರು. ಪ್ರೊಸೆಸರ್ ನಾಲ್ಕು ಕೋರಿಂದು ಸಾಕಾ, ಆರು ಕೋರಿಂದು ಬೇಕಾ?”

ನನ್ನ ಗಂಡ ನನ್ನ ಮುಖ ನೋಡಿದರು. ನಾನು ಸ್ಕ್ರೂ ಎಣಿಸುತ್ತ, “ಆರು” ಅಂದೆ.

“ಆರು” ಅಂದರು ಅವರು.

“ಮದರ್‌ಬೋರ್ಡು?”

“ತೀರಾ ಅಗ್ಗದ್ದು ಬೇಡ, ಬಿಸಿಯಾಗತ್ತೆ. ಮಧ್ಯಮದ್ದು ಸಾಕು” ಅಂದೆ.

“ಮಧ್ಯಮದ್ದು” ಅಂದರು ನನ್ನ ಗಂಡ, ಪಾಠ ಒಪ್ಪಿಸುವವರ ಹಾಗೆ.

ಹೀಗೆ ರ‍್ಯಾಮ್, ಫ್ಯಾನು, ಪೆಟ್ಟಿಗೆ ಎಲ್ಲ ಆಯಿತು. ಪ್ರತಿ ಸಲವೂ ತುಮರಿಯವರು ನನ್ನ ಗಂಡನ ಕಡೆಗೆ ತಿರುಗಿ ಕೇಳುವುದು, ಅವರು ನನ್ನ ಕಡೆಗೆ ತಿರುಗುವುದು. ಕೊನೆಗೆ ನಾನು ಅವರ ಕಣ್ಣೆದುರೇ ಬೋರ್ಡ್ ಬಿಚ್ಚಿ, ಪ್ರೊಸೆಸರ್ ಕೂರಿಸಿ, ಅದರ ಮೇಲೆ ಫ್ಯಾನ್ ಬಿಗಿದು, ವೈರೆಲ್ಲ ಸೇರಿಸಿ ಚಾಲೂ ಮಾಡಿದೆ. ತುಮರಿಯವರು ಬಿಟ್ಟ ಕಣ್ಣು ಬಿಟ್ಟ ಹಾಗೇ ನೋಡಿದರು. ಆಮೇಲೆ ನನ್ನ ಗಂಡನ ಕಿವಿಯ ಹತ್ತಿರ ಬಗ್ಗಿ ಮೆಚ್ಚುಗೆಯಿಂದ ಹೇಳಿದರು.

“ಸಾರ್, ಮನೆಯೋರಿಗೂ ಚೆನ್ನಾಗಿ ಕಲ್ಸಿದೀರಿ.”

ನನ್ನ ಗಂಡ ಊಟದ ಡಬ್ಬಿ ಮೇಜಿನ ಮೇಲಿಟ್ಟು, “ಏನೋ ಕಲ್ತಿದಾಳೆ” ಅಂದರು. “ಸಾರು ಮಾಡೋದು ಮಾತ್ರ ಇನ್ನೂ ಬರಲ್ಲ. ಅದಕ್ಕೇ ಅದೊಂದು ನಾನೇ ಮಾಡ್ಕೊಂಡು ಬರ್ತೀನಿ.”

ಹೆಲ್ಮೆಟ್ ಹಾಕಿಕೊಂಡವರು

ಇನ್ನೊಬ್ಬರು ಬಂದವರು ಹೆಲ್ಮೆಟ್ ತೆಗೆಯಲೇ ಇಲ್ಲ. ಕೈಯಲ್ಲಿ ದೊಡ್ಡ ರಟ್ಟಿನ ಪೆಟ್ಟಿಗೆ. ಬಾಗಿಲ ಹೊರಗೆ ಒಮ್ಮೆ ನೋಡಿ, ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ದನಿ ತಗ್ಗಿಸಿ ಹೇಳಿದರು.

“ಮೇಡಂ, ಎಲ್ಲ ಆನ್‌ಲೈನಲ್ಲಿ ತರ್ಸಿ ನಾನೇ ಜೋಡ್ಸಿದೆ. ಫ್ಯಾನ್ ತಿರುಗತ್ತೆ, ಲೈಟ್ ಉರಿಯತ್ತೆ. ಸ್ಕ್ರೀನ್ ಮಾತ್ರ ಕಪ್ಪು.”

ತೆರೆದು ನೋಡಿದೆ. ಜೋಡಣೆ ಅಚ್ಚುಕಟ್ಟಾಗಿತ್ತು. ಆದರೆ ಪ್ರೊಸೆಸರ್ ನಂಬರಿನ ಕೊನೆಯಲ್ಲಿ ‘ಎಫ್’ ಅಂತ ಒಂದು ಅಕ್ಷರ ಇತ್ತು.

“ಸಾರ್, ಕೊನೇಲಿ ಎಫ್ ಇದ್ರೆ ಚಿತ್ರ ತೋರ್ಸೋ ಭಾಗ ಅದ್ರೊಳಗೆ ಇರಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕ್ಬೇಕು. ಅದಕ್ಕೇ ಇದು ಸ್ವಲ್ಪ ಅಗ್ಗ.”

ಹೆಲ್ಮೆಟ್ ಪೆಟ್ಟಿಗೆಯ ಮೇಲೆ ಬಗ್ಗಿ ಆ ಅಕ್ಷರವನ್ನೇ ನೋಡಿತು. “ನಾನು ಎಫ್ ಅಂದ್ರೆ ಫಾಸ್ಟ್ ಅನ್ಕೊಂಡೆ” ಅಂದಿತು.

ಕಾರ್ಡ್ ಕೊಳ್ಳಲು ಈಗ ದುಡ್ಡಿಲ್ಲವಂತೆ. ಹಾಗಾದರೆ ಗೇಮ್ ಯಾವುದು ಅಂತ ಕೇಳಿದೆ. ಹೇಳಲು ಸಂಕೋಚಪಟ್ಟರು. ಅವರ ಹೆಂಡತಿಗೆ ದೂರದ ಊರಿಗೆ ವರ್ಗ ಆಗಿದೆ. ದಿನಾ ಸಂಜೆ ಫೋನಿನಲ್ಲಿ ಮಾತಾಡಿ ಮಾತಾಡಿ, ಊಟ ಆಯ್ತಾ, ಏನು ಸಾರು ಅನ್ನುವುದು ಬಿಟ್ಟರೆ ಹೇಳಲು ಏನೂ ಉಳಿಯುತ್ತಿರಲಿಲ್ಲವಂತೆ. ಆಮೇಲೆ ಇಬ್ಬರೂ ಸೇರಿ ಆಡುವ ಒಂದು ಬೇಸಾಯದ ಆಟ ಸಿಕ್ಕಿತು. ಅದರೊಳಗೆ ಒಂದು ಪುಟ್ಟ ಹೊಲ ಮಾಡಿದ್ದಾರೆ, ನಾಲ್ಕು ಕೋಳಿ ಸಾಕಿದ್ದಾರೆ.

“ನನ್ನ ಹಳೇ ಲ್ಯಾಪ್‌ಟಾಪ್ ನಿಂತು ನಿಂತು ಓಡತ್ತೆ ಮೇಡಂ. ನಾನು ಗಿಡಕ್ಕೆ ನೀರು ಹಾಕೋಷ್ಟ್ರಲ್ಲಿ ಅವಳು ಕೊಯ್ದು ಮಾರಿ ಬಂದಿರ್ತಾಳೆ. ‘ನೀವು ಮನೇಲೂ ಹೀಗೇ ಅಲ್ವಾ’ ಅಂತಾಳೆ.”

ನನಗೆ ನಗುವೂ ಬಂತು, ಏನೋ ಒಂದು ಥರ ಆಯಿತು. “ಚಿಂತೆ ಮಾಡ್ಬೇಡಿ ಸಾರ್. ಇದೇ ಬೋರ್ಡಿಗೆ ಎಫ್ ಇಲ್ಲದ್ದು ಕೂರತ್ತೆ. ಬದ್ಲಾಯಿಸಿ ಕೊಡ್ತೀನಿ. ನಿಮ್ಮ ಹೊಲಕ್ಕೆ ಧಾರಾಳ ಸಾಕು. ನೀವು ಏನು ಕೆಲ್ಸ ಮಾಡೋದು?”

“ಕಾಲೇಜಲ್ಲಿ ಪಾಠ.”

“ಯಾವ ಸಬ್ಜೆಕ್ಟು?”

ಹೆಲ್ಮೆಟ್ ಗೋಡೆಯ ಕಡೆಗೆ ತಿರುಗಿತು. “ಕಂಪ್ಯೂಟರ್ ಸೈನ್ಸ್.”

ನಾನು ತುಟಿ ಕಚ್ಚಿಕೊಂಡು ಸ್ಕ್ರೂಡ್ರೈವರ್ ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದೆ. ಅಷ್ಟರಲ್ಲಿ ಇಬ್ಬರು ಹುಡುಗಿಯರು ಮೆಟ್ಟಿಲು ಹತ್ತಿ ಬಂದರು. ಅವರ ಕೈಯಲ್ಲೂ ಅಂಥದೇ ರಟ್ಟಿನ ಪೆಟ್ಟಿಗೆ.

“ಮೇಡಂ, ಹೊಸ ಕಂಪ್ಯೂಟರು, ಸ್ಕ್ರೀನೇ ಬರ್ತಿಲ್ಲ. ಎಫ್ ಇರೋ ಪ್ರೊಸೆಸರ್ರೇ ಹಾಕಿದೀವಿ. ಎಫ್ ಅಂದ್ರೆ ಫಾಸ್ಟ್ ಅಂತ ನಮ್ ಸಾರ್ ಕ್ಲಾಸಲ್ಲಿ ಹೇಳಿದ್ರು.”

ಹೆಲ್ಮೆಟ್ಟಿನ ಗಾಜು ಟಪ್ಪಂತ ಕೆಳಗಿಳಿಯಿತು.

ಹುಡುಗಿಯರಿಗೂ ಅದನ್ನೇ ಹೇಳಿದೆ, ಪೆಟ್ಟಿಗೆ ಇಟ್ಟು ಹೋಗಿ, ನಾಳೆ ಬನ್ನಿ ಅಂದೆ. ಅಷ್ಟು ಹೊತ್ತೂ ಹೆಲ್ಮೆಟ್ಟಿನವರು ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದರು. ಹುಡುಗಿಯರು ಹೊರಟರು. ಬಾಗಿಲಲ್ಲಿ ಹಿಂದಿರುಗಿ ನೋಡಿದರು.

“ಬರ್ತೀವಿ ಮೇಡಂ” ಅಂದಳು ಒಬ್ಬಳು.

“ಬರ್ತೀವಿ ಸಾರ್” ಅಂದಳು ಇನ್ನೊಬ್ಬಳು.

ಕೂಡಿ ಬರುವುದು

ತೀರ್ಥಹಳ್ಳಿ ಹತ್ತಿರದ ಒಂದು ಊರಿನ ಪುರೋಹಿತರು. ಎಪ್ಪತ್ತು ದಾಟಿದವರು. ಮೊಮ್ಮಗಳು ಚೆನ್ನಾಗಿ ಪಾಸಾದರೆ ಗೇಮ್ ಆಡುವ ಕಂಪ್ಯೂಟರ್ ಕೊಡಿಸುತ್ತೇನೆ ಅಂತ ಮಾತು ಕೊಟ್ಟಿದ್ದರು. ಅವಳು ಪಾಸಾಗಿಬಿಟ್ಟಿದ್ದಳು. ಕರೆದುಕೊಂಡು ಬಂದರು, ಆದರೆ ಸುಮ್ಮನೆ ಕೊಳ್ಳುವವರಲ್ಲ.

“ಅರ್ಥ ಗೊತ್ತಿಲ್ದೆ ನಾನು ಮಂತ್ರನೂ ಹೇಳೋದಿಲ್ಲ, ಸಾಮಾನೂ ತಗೊಳ್ಳೋದಿಲ್ಲ. ಇದು ಎಂತ, ಅದು ಎಂತ, ಸರಿಯಾಗಿ ಹೇಳಿ.”

ನಾನು ಪ್ರೊಸೆಸರ್ ಒಂದನ್ನು ಅಂಗೈಯಲ್ಲಿ ಇಟ್ಟು ತೋರಿಸಿದೆ. ಲೆಕ್ಕ, ಯೋಚನೆ ಎಲ್ಲ ಇದು. ಉಳಿದದ್ದೆಲ್ಲ ಬಂದು ಸೇರುವ ಮನೆ ಮದರ್‌ಬೋರ್ಡ್. ಪ್ರೊಸೆಸರ್ ಮಾಡುವ ಕಂಪನಿ ಮುಖ್ಯವಾಗಿ ಎರಡು. ಒಂದು ಕಂಪನಿಯದ್ದು ಇನ್ನೊಂದರ ಬೋರ್ಡಿನಲ್ಲಿ ಕೂರುವುದಿಲ್ಲ ಅಂದೆ.

ಅವರ ಕಣ್ಣು ಹೊಳೆಯಿತು. “ಓಹೋ. ಹಾಗಾದ್ರೆ ಇದು ನಮ್ಮಲ್ಲಿಗೆ ತಿರುಗುಮುರುಗು. ನಮ್ಮಲ್ಲಿ ಒಂದೇ ಗೋತ್ರ ಆದ್ರೆ ಮದ್ವೆ ಇಲ್ಲ. ಇಲ್ಲಿ ಒಂದೇ ಗೋತ್ರ ಆಗದಿದ್ರೆ ಮದ್ವೆ ಇಲ್ಲ.”

“ಒಂದೇ ಕಂಪನಿ ಆದ್ರೂ ಎಲ್ಲದಕ್ಕೂ ಎಲ್ಲ ಕೂರಲ್ಲ ಭಟ್ರೇ. ಕೂರೋ ಜಾಗ ಹೊಂದ್ಬೇಕು.”

“ಗೋತ್ರ ಆಯ್ತು, ಮೇಲೆ ಜಾತಕನೂ ಕೂಡಿ ಬರ್ಬೇಕು ಅನ್ನಿ.” ಕಿಸೆಯಿಂದ ಒಂದು ಚೀಟಿ ತೆಗೆದು ಬರೆದುಕೊಂಡರು. ಮೊಮ್ಮಗಳು, “ಅಜ್ಜಾ, ಸಾಕು” ಅಂದಳು. ಅವರು ಕೈ ಎತ್ತಿ ಸುಮ್ಮನಿರಿಸಿ, ಬಹಳ ಜನ ಕೇಳದ ಒಂದು ಪ್ರಶ್ನೆ ಕೇಳಿದರು.

“ಈ ಪ್ರೊಸೆಸರಿಗೆ ವಯಸ್ಸಾಯ್ತು, ಇಲ್ಲಾ ಹೋಗೇ ಬಿಡ್ತು ಅಂತ ಇಟ್ಕೊಳ್ಳಿ. ಬೋರ್ಡಿನ ಗತಿ ಎಂತ?”

“ಕೆಲವು ಬೋರ್ಡಿಗೆ ಆಮೇಲೆ ಬರೋ ಹೊಸ ಪ್ರೊಸೆಸರೂ ಹೊಂದತ್ತೆ. ಕೆಲವಕ್ಕೆ ಇಲ್ಲ. ಅಲ್ಲಿಗೆ ಬೋರ್ಡೂ ಮೂಲೆಗೆ.”

ಅವರು ಪೆನ್ನು ಕೆಳಗಿಟ್ಟರು. ಕಿಟಕಿಯ ಹೊರಗೆ ನೋಡಿದರು. ಕೆಳಗೆ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು.

“ನನ್ನ ತಂಗಿ ಒಬ್ಳಿದಾಳೆ” ಅಂದರು. “ಇಪ್ಪತ್ತೆರಡಕ್ಕೆ ಗಂಡ ಹೋದ. ಮರುವರ್ಷ ಒಬ್ರು ಕೇಳ್ಕೊಂಡು ಬಂದಿದ್ರು. ಒಳ್ಳೇ ಜನ. ನಾನೇ ಆಗೋದಿಲ್ಲ ಅಂದೆ. ಪುಸ್ತಕ ಎಲ್ಲ ನೋಡಿದೆ. ಅವಳ ಮುಖ ಒಂದು ನೋಡ್ಲಿಲ್ಲ.”

ಮೊಮ್ಮಗಳು ಅಜ್ಜನ ಕೈ ಹಿಡಿದುಕೊಂಡು, “ಸಣ್ಣಜ್ಜಿ ನಮ್ಮನೇಲೇ ಇರೋದು ಆಂಟಿ. ಕಂಪ್ಯೂಟರ್ ಬಂದ್ರೆ ನಂಗೂ ಆಡ್ಲಿಕ್ಕೆ ಕೊಡು ಅಂದಿದಾರೆ” ಅಂದಳು.

ಅವರು ಕನ್ನಡಕ ತೆಗೆದು ಶಲ್ಯದಲ್ಲಿ ಒರೆಸಿಕೊಂಡರು. ಆಮೇಲೆ ಗಟ್ಟಿಯಾಗಿಯೇ ಹೇಳಿದರು. “ಮರುಮದುವೆಗೆ ಅಡ್ಡಿ ಇಲ್ಲದ ಬೋರ್ಡನ್ನೇ ಕೊಡಿ ಅಮ್ಮಾ. ಇದ್ರಲ್ಲೂ ನಾನೇ ಅಡ್ಡ ಬಂದೆ ಅಂತ ಆಗೋದು ಬೇಡ.”

ಅಂಥದ್ದನ್ನೇ ಹುಡುಕಿ ಕೊಟ್ಟೆ. ಮೆಟ್ಟಿಲ ಹತ್ತಿರ ಹೋದವರು ನಿಂತು ತಿರುಗಿದರು.

“ಹೊಸ ಪ್ರೊಸೆಸರ್ ಬಂದಾಗ ತಿಳ್ಸಿ. ಮುಹೂರ್ತ ನಾನೇ ಇಟ್ಟು ಕೊಡ್ತೇನೆ. ದಕ್ಷಿಣೆ ಬೇಡ, ಹೆಣ್ಣಿನ ಕಡೆಯವ್ನಲ್ವಾ ನಾನು?”

ಅತ್ತೆಯ ಸೂಜಿ

ಇದು ನನ್ನದೇ ತಪ್ಪಿನ ಕಥೆ.

ಕೆಲವು ಪ್ರೊಸೆಸರುಗಳ ಹೊಟ್ಟೆಯಡಿಗೆ ಕೂದಲೆಳೆಯಂಥ ಕಡ್ಡಿಗಳಿರುತ್ತವೆ, ಸಾವಿರಕ್ಕೂ ಮೇಲೆ. ಒಂದು ಬಗ್ಗಿದರೂ ಬೋರ್ಡಿನಲ್ಲಿ ಕೂರುವುದಿಲ್ಲ. ಕೆಳಗಿನ ಹೊಲಿಗೆ ಅಂಗಡಿಯಾಕೆ ಮಗಳಿಗೆಂದು ಎಷ್ಟೋ ದಿನದಿಂದ ಆಸೆಪಟ್ಟು ತರಿಸಿದ್ದ ಪ್ರೊಸೆಸರ್ ನನ್ನ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಎತ್ತಿ ನೋಡಿದರೆ ಒಂದು ಮೂಲೆಯ ಕಡ್ಡಿಗಳೆಲ್ಲ ಗಾಳಿಗೆ ಮಲಗಿದ ಭತ್ತದ ಪೈರಿನ ಹಾಗೆ ಬಾಗಿದ್ದವು. ಇಷ್ಟು ವರ್ಷದಲ್ಲಿ ಅಂಥದ್ದು ಆಗಿರಲಿಲ್ಲ. ಅದನ್ನು ಡಬ್ಬಿಗೆ ಹಾಕಿಕೊಂಡು, ಅಂಗಡಿ ಮುಚ್ಚಿ ಮಧ್ಯಾಹ್ನವೇ ಮನೆಗೆ ಬಂದೆ.

ನನ್ನ ಅತ್ತೆಗೆ ನನ್ನ ಕೆಲಸದ ಬಗ್ಗೆ ಅಂಥ ಅಭಿಮಾನ ಏನೂ ಇರಲಿಲ್ಲ. ಸೊಸೆ ಸ್ಕ್ರೂಡ್ರೈವರ್ ಹಿಡಿಯುತ್ತಾಳೆ, ಮಗ ಸೌಟು ಹಿಡಿಯುತ್ತಾನೆ ಅಂತ ನೆಂಟರ ಹತ್ತಿರ ಹೇಳಿಕೊಂಡು ನಿಟ್ಟುಸಿರು ಬಿಡುತ್ತಿದ್ದರು. ಅವತ್ತು ನನ್ನ ಮುಖ ನೋಡಿ ಹತ್ತಿರ ಬಂದರು.

“ಎಂತಾತೇ? ಊಟ ಎಂತಕ್ಕೆ ಬಿಟ್ಟೆ?”

“ಕಡ್ಡಿ ಬಗ್ಗಿ ಹೋತು ಅತ್ತೆ. ಬೇರೆಯವ್ರದ್ದು.”

ಅವರು ಪ್ರೊಸೆಸರನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ನೋಡಿದರು. “ಇದೆಂತ, ಕಸೂತಿಗಿಂತ ಕಷ್ಟ ಇಲ್ಲೆ” ಅಂದರು.

“ಬೇಡ ಅತ್ತೆ, ಮುರಿದೋದ್ರೆ...”

“ಸುಮ್ಮಂಗಿರು. ಕಣ್ಣಿನ ಆಪರೇಶನ್ ಮಾಡ್ಸಿದ್ದು ಎಂತಕ್ಕೆ ಮತ್ತೆ?”

ಜಗುಲಿಯ ಬೆಳಕಿನಲ್ಲಿ ಕೂತರು. ಕಸೂತಿ ಡಬ್ಬಿಯಿಂದ ಸಣ್ಣ ಸೂಜಿ ತೆಗೆದರು. ಒಂದೊಂದೇ ಕಡ್ಡಿಯನ್ನು, ನಿದ್ದೆ ಹೋದ ಕೂಸಿನ ಬೆರಳು ಬಿಡಿಸುವ ಹಾಗೆ, ಮೆತ್ತಗೆ ಎತ್ತಿ ನಿಲ್ಲಿಸುತ್ತ ಹೋದರು. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ನಡುವೆ ಒಮ್ಮೆ, ತಲೆ ಎತ್ತದೆ, “ದಿನಾ ಇಷ್ಟು ಸಣ್ಣ ಕೆಲ್ಸ ಮಾಡ್ತ್ಯಾ ನೀನು?” ಅಂದರು. ಹೌದು ಅಂದೆ. “ಹೇಳಿದ್ದೇ ಇಲ್ಲೆ” ಅಂದರು. ಮದುವೆಯಾಗಿ ಬಂದಮೇಲೆ ನಾವಿಬ್ಬರೂ ಅಷ್ಟು ಹೊತ್ತು ಒಟ್ಟಿಗೆ ಕೂತದ್ದು ಅದೇ ಮೊದಲು.

ಸಂಜೆ ಅಂಗಡಿಗೆ ಅವರೂ ಬಂದರು. ಪ್ರೊಸೆಸರ್ ಬೋರ್ಡಿನಲ್ಲಿ ಮೆತ್ತಗೆ ಇಳಿದು ಕೂತಿತು. ಸ್ವಿಚ್ ಹಾಕಿದೆ, ಪರದೆ ಬೆಳಗಿತು. ನಾನು ಅತ್ತೆಯ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಹೊಲಿಗೆ ಅಂಗಡಿಯಾಕೆಗೆ ನಡೆದದ್ದನ್ನು ಹೇಳಿದೆ. ಅವಳು ಬೈಯುವುದು ಬಿಟ್ಟು ಅತ್ತೆಯ ಸೂಜಿಯ ನಂಬರ್ ಕೇಳಿದಳು.

ಅಲ್ಲಿಂದೀಚೆಗೆ ಯಾವ ಮನೆಯ ಊಟಕ್ಕೆ ಹೋದರೂ ಅತ್ತೆ ಕಂಪ್ಯೂಟರ್ ಅಂಗಡಿಯ ಸುದ್ದಿ ತೆಗೆಯದೆ ಏಳುವುದಿಲ್ಲ. ನಮ್ಮ ಮನೆಮಾತಿನಲ್ಲಿ ಸೊಸೆ ಅಂದರೆ ‘ಅದು’, ನಾನು ಅನ್ನುವುದಕ್ಕೆ ‘ಆನು’. ಯಾರಾದರೂ, ಸೊಸೆ ಅಂಗಡಿ ಹೇಗೆ ನಡೀತಿದೆ ಅಂತ ಕೇಳಿದರೆ ಅತ್ತೆ ಹೇಳುವುದು ಇಷ್ಟೇ.

“ಅಡ್ಡಿಲ್ಲೆ. ಬಗ್ಗಿಸದು ಅದು, ನೆಟ್ಟಗೆ ಮಾಡದು ಆನು.”

ಬರೀ ಅರವತ್ತೈದಾ?

ಕಾರ್ಗಲ್‌ನ ಕಾಲೊನಿಯಲ್ಲಿದ್ದು, ಕರೆಂಟ್ ತಯಾರಿಸುವ ಪವರ್ ಹೌಸಿನಲ್ಲಿ ಇಡೀ ಸರ್ವೀಸ್ ಮುಗಿಸಿ ನಿವೃತ್ತರಾದವರು. ಹೆಂಡತಿಯ ಜೊತೆ ಬಂದಿದ್ದರು. ಮಗಳಿಗೆ ಕಂಪ್ಯೂಟರ್.

“ಈ ಪ್ರೊಸೆಸರ್ ಎಷ್ಟು ವ್ಯಾಟ್ ತಿನ್ನತ್ತೆ?”

“ಅರವತ್ತೈದು ಸಾರ್. ಕರೆಂಟ್ ಬಿಲ್ ಏನೂ ಜಾಸ್ತಿ ಬರಲ್ಲ.”

“ಬರೀ ಅರವತ್ತೈದಾ?” ಅವರ ಮುಖ ಸಪ್ಪಗಾಯಿತು. “ಹಿಂದೆ ನಮ್ಮ ಬಚ್ಚಲುಮನೆ ಬಲ್ಬೇ ಅಷ್ಟಿತ್ತಲ್ರೀ. ಇದಕ್ಕಿಂತ ಜಾಸ್ತಿ ತಿನ್ನೋದು ಇಲ್ವಾ?”

ಕಡಿಮೆ ಕರೆಂಟಿನದು ಕೊಡಿ ಅನ್ನುವವರನ್ನು ನೋಡಿದ್ದೇನೆ, ಜಾಸ್ತಿಯದು ಕೇಳಿದವರು ಇವರೊಬ್ಬರೇ. ಅವರ ಹೆಂಡತಿ ನನ್ನ ಕಡೆಗೆ ಬಗ್ಗಿ, “ರಿಟೈರ್ ಆದಾಗಿಂದ ಹೀಗೇ. ನಾನು ಫ್ಯಾನ್ ಆರಿಸಿದ್ರೂ ಬೇಜಾರು ಮಾಡ್ಕೊಳ್ತಾರೆ” ಅಂದರು.

ಅರವತ್ತೈದರದ್ದೇ ಸಾಕು ಅಂತ ಕೊನೆಗೆ ಒಪ್ಪಿದರು. ಪೆಟ್ಟಿಗೆ ಎತ್ತಿಕೊಳ್ಳುತ್ತ ಹೇಳಿದರು. “ಮಗಳಿಗೆ ಹೇಳ್ತೀನಿ, ದಿನಾ ಎಷ್ಟು ಹೊತ್ತು ಬೇಕಾದ್ರೂ ಆಡು ಅಂತ. ಯಾರೂ ಉರಿಸ್ದೇ ಇದ್ರೆ ನಾವು ಅಷ್ಟು ವರ್ಷ ಮಾಡಿದ್ದು ಯಾರಿಗ್ರೀ?”

ಹೊಸನಗರದ ಬಸ್ಸು

ತೀರ್ಥಹಳ್ಳಿಯ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹುಡುಗಿ ಒಂದು ದಿನ ತನ್ನ ಅಪ್ಪನನ್ನು ಕರೆದುಕೊಂಡು ಬಂದಳು. ಅಪ್ಪ ಹೊಸನಗರದವರು. ಸಾಗರ, ಹೊಸನಗರ, ತೀರ್ಥಹಳ್ಳಿ ಅಂತ ಮೂವತ್ತು ವರ್ಷಕ್ಕೂ ಮೇಲೆ ಖಾಸಗಿ ಬಸ್ಸು ಓಡಿಸಿದವರು. ಹೃದಯದ ತೊಂದರೆ ಬಂದು ಡಾಕ್ಟರು ಸ್ಟೇರಿಂಗ್ ಮುಟ್ಟಬೇಡಿ ಅಂದುಬಿಟ್ಟಿದ್ದರು. ಆಮೇಲೆ ಅವರು ಮಾತೇ ಕಡಿಮೆ ಮಾಡಿದರಂತೆ. ಬಸ್ಸಿನ ಹೊತ್ತಿಗೆ ಕಿಟಕಿಯ ಹತ್ತಿರ ಹೋಗಿ ನಿಲ್ಲುವುದು, ಹಾರನ್ ಕೇಳಿ, “ಹತ್ತು ನಿಮಿಷ ಲೇಟು” ಅನ್ನುವುದು. ದಿನಕ್ಕೆ ಅಷ್ಟೇ ಮಾತು.

“ಬಸ್ ಓಡಿಸೋ ಗೇಮ್ ಒಂದಿದೆ ಆಂಟಿ. ಅದು ಓಡಿದ್ರೆ ಸಾಕು. ನನ್ನ ಬಜೆಟ್ ಸಣ್ಣದು” ಅಂದಳು ಅವಳು ಮೆಲ್ಲಗೆ.

ಅಪ್ಪ ಒಲ್ಲದ ಮನಸ್ಸಿನಿಂದ ಕೂತಿದ್ದರು. ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಬೋರ್ಡನ್ನು ನೋಡುತ್ತ ನೋಡುತ್ತ ಕೇಳಿದರು.

“ಇದ್ರಲ್ಲಿ ಇಂಜಿನ್ ಯಾವ್ದು?”

“ಪ್ರೊಸೆಸರ್. ಇಲ್ಲಿ ಕೂರತ್ತೆ.”

“ಹಂಗಾದ್ರೆ ಇದು ಇಂಜಿನ್ ಹೊರೋ ಚಾಸಿ” ಅಂತ ಮದರ್‌ಬೋರ್ಡಿನ ಅಂಚು ಮುಟ್ಟಿದರು. ಆಮೇಲೆ ಮಗಳಿಗೆ ಹೇಳಿದರು. “ಇಂಜಿನ್ ದೊಡ್ಡದು ಹಾಕಿ ಚಾಸಿ ತಗಡಿಂದು ಹಾಕ್ಸಬೇಡ ಮಗಾ. ಘಾಟಿ ಹತ್ತೋವಾಗ ಗೊತ್ತಾಗತ್ತೆ. ಇಂಜಿನ್ ಒಂದು ನಂಬ್ರ ಕಡಿಮೆ ಆದ್ರೂ ಪರ್ವಾಗಿಲ್ಲ.”

ನಾನು ಎಷ್ಟೋ ಜನರಿಗೆ ಅರ್ಧ ಗಂಟೆ ಹೇಳಿದರೂ ತಲೆಗೆ ಹೋಗದ ಮಾತು ಅದು. ಹಾಗೇ ಮಾಡಿದೆವು. ಚಿತ್ರ ತೋರಿಸುವ ಭಾಗ ಒಳಗೇ ಇರುವ ಸಾಧಾರಣ ಪ್ರೊಸೆಸರು, ಗಟ್ಟಿ ಬೋರ್ಡು, ಮೇಜಿಗೆ ಬಿಗಿಯುವ ಒಂದು ಆಟದ ಸ್ಟೇರಿಂಗು.

ಹದಿನೈದು ದಿನಕ್ಕೆ ಮಗಳ ಫೋನ್ ಬಂತು. “ಆಂಟಿ, ಕಂಪ್ಯೂಟರ್ ಭಾಳ ನಿಧಾನ ಅಂತ ಅಮ್ಮ ಹೇಳ್ತಿದಾರೆ. ಒಂದ್ಸಲ ನೋಡ್ತೀರಾ?” ನನಗೆ ಕಸಿವಿಸಿ ಆಯಿತು. ಅಷ್ಟು ಯೋಚಿಸಿ ಜೋಡಿಸಿದ್ದು. ಮರುದಿನವೇ ಬ್ಯಾಗು ಹಿಡಿದು ಹೊಸನಗರಕ್ಕೆ ಹೋದೆ.

ಮನೆಯ ಮುಂದೆ ಏಳೆಂಟು ಜೊತೆ ಚಪ್ಪಲಿ. ಏನಾಯ್ತಪ್ಪಾ, ಅವರ ಹೃದಯದ ತೊಂದರೆ ನೆನಪಾಯಿತು. ಒಳಗೆ ಹೋಗಿ ನೋಡುತ್ತೇನೆ, ಅವರು ಖಾಕಿ ಶರ್ಟು ಹಾಕಿಕೊಂಡು, ಸ್ಟೇರಿಂಗ್ ಹಿಡಿದು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾರೆ. ಪಕ್ಕದಲ್ಲಿ ಕೊರಳಿಗೆ ಚೀಲ ಹಾಕಿಕೊಂಡು ಒಬ್ಬರು ನಿಂತಿದ್ದಾರೆ. ಅವರ ಬಸ್ಸಿನಲ್ಲೇ ಕಂಡಕ್ಟರ್ ಆಗಿದ್ದವರಂತೆ. ಹಿಂದೆ ಎರಡು ಸಾಲು ಕುರ್ಚಿಯಲ್ಲಿ ಅಕ್ಕಪಕ್ಕದ ಮನೆಯವರು. ಡ್ರೈವರ ಬೆನ್ನಿಗೇ ಇರುವ ಕುರ್ಚಿಯಲ್ಲಿ ಅವರ ಹೆಂಡತಿ.

ಪರದೆಯ ಮೇಲೆ ಯಾವುದೋ ಪರದೇಶದ ರಸ್ತೆ. ಮೂರು ಬಸ್ಸು ನಿಲ್ಲಿಸುವಷ್ಟು ಅಗಲ, ಖಾಲಿ. ನಮ್ಮ ಬಸ್ಸು ಅದರ ಎಡ ಅಂಚಿನಲ್ಲಿ ಎತ್ತಿನಗಾಡಿಯ ಹಾಗೆ ಹೋಗುತ್ತಿದೆ. ಒಂದು ಕಡೆ ರಸ್ತೆ ಬದಿಯಲ್ಲಿ ಇಬ್ಬರು ನಿಂತಿದ್ದರು. “ಹೋಲ್ಡಾನ್!” ಅಂದರು ಕಂಡಕ್ಟರು. ಬಸ್ಸು ನಿಂತಿತು. ಆ ಇಬ್ಬರು ಹತ್ತಲೂ ಇಲ್ಲ, ತಿರುಗಿ ನೋಡಲೂ ಇಲ್ಲ.

“ಈ ಊರಿನ ಜನಕ್ಕೆ ಭಾಳ ಧಿಮಾಕು” ಅಂದರು ಕಂಡಕ್ಟರು. “ರೈಟ್!”

ನನಗೊಂದು ಕುರ್ಚಿ ಕೊಟ್ಟರು. ಕೂತಲ್ಲಿಂದಲೇ ಬಗ್ಗಿ ಪ್ರೊಸೆಸರಿನ ಬಿಸಿ ನೋಡಿದೆ, ಕೆಲಸದ ಹೊರೆ ನೋಡಿದೆ. ಎಲ್ಲ ಸರಿಯಾಗಿತ್ತು, ಅರ್ಧದಷ್ಟು ಶಕ್ತಿಯೂ ಖರ್ಚಾಗುತ್ತಿರಲಿಲ್ಲ.

“ಅಂಕಲ್, ಕಂಪ್ಯೂಟರ್ ನಿಧಾನ ಇಲ್ಲ. ನೀವು ಮೂವತ್ತರಲ್ಲಿ ಹೋಗ್ತಿದೀರಿ. ರಸ್ತೆ ಖಾಲಿ ಇದೆ, ಜೋರಾಗಿ ಹೋಗ್ಬಹುದು.”

ಅವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. “ಮುಂದಿನ ತಿರುವಲ್ಲಿ ದನ ಇದ್ರೆ?”

“ಇದ್ರಲ್ಲಿ ದನ ಇಲ್ಲ ಅಂಕಲ್.”

“ನಂಬೋಕಾಗಲ್ಲ” ಅಂದರು.

ನಾನು ಅವರ ಹೆಂಡತಿಯ ಕಡೆಗೆ ತಿರುಗಿ, “ಇವ್ರಿಗೆ ತೊಂದ್ರೆ ಇಲ್ಲ ಅಂದ್ಮೇಲೆ ನೀವ್ಯಾಕೆ ಕಂಪ್ಲೇಂಟ್ ಮಾಡಿದ್ರಿ?” ಅಂತ ಪಿಸುಗುಟ್ಟಿದೆ.

ಅವರು ನಾಚಿಕೊಂಡರು. “ಅಷ್ಟು ವರ್ಷ ಬೆಳಗಾಗೋ ಮೊದಲೇ ಗಾಡಿ ಹತ್ತೋರು. ಇವ್ರ ಬಸ್ಸಲ್ಲಿ ಮುಂದಿನ ಸೀಟಲ್ಲಿ ನಾನು ಕೂತಿದ್ದು ಎರಡೇ ಸಲ. ಒಂದ್ಸಲ ಬಾಣಂತನಕ್ಕೆ ಹೋಗೋವಾಗ, ಒಂದ್ಸಲ ಬರೋವಾಗ. ಈಗ ದಿನಾ ಕೂರಿಸ್ಕೊಂಡು ಹೋಗ್ತಾರೆ.” ಪರದೆಯ ಕಡೆ ನೋಡುತ್ತ ಮುಂದುವರಿಸಿದರು. “ಈ ರೂಟಿನ ಕೊನೇಲಿ ಸಮುದ್ರ ಬರತ್ತಂತೆ, ಮಗಳು ಹೇಳಿದ್ಲು. ಹದಿನೈದು ದಿನದಿಂದ ಹೊರಟಿದೀವಿ. ಇನ್ನೂ ಬಂದಿಲ್ಲ.”

ಪಕ್ಕದ ಮನೆಯಾಕೆಯೊಬ್ಬರು ಅಡಿಗೆಮನೆಯಿಂದ ಚಹಾ ತಂದರು. ಎಲ್ಲರೂ ಕುಡಿದರು, ಡ್ರೈವರ್ ಮಾತ್ರ ಮುಟ್ಟಲಿಲ್ಲ, ಡ್ಯೂಟಿಯಲ್ಲಿದ್ದರು. ಇಷ್ಟೂ ಹೊತ್ತು ಅವರು ಏನೇನೋ ಮಾತಾಡುತ್ತಲೇ ಇದ್ದರು. ಬ್ರೇಕಿನ ಮಾತು, ಮಂಜಿನ ಮಾತು, ಯಾವುದೋ ಮದುವೆ ದಿಬ್ಬಣದ ಮಾತು. ಹೆಂಡತಿ ಹಿಂದಿನಿಂದ ಹೂಂಗುಟ್ಟುತ್ತಿದ್ದರು. ಇಲ್ಲಿ ನನಗೆ ಕೆಲಸ ಇಲ್ಲ ಅನಿಸಿತು. ಬ್ಯಾಗಿನ ಜಿಪ್ ಎಳೆದು, “ನಾನು ಬರ್ತೀನಿ” ಅಂತ ಎದ್ದೆ.

“ಓಡೋ ಗಾಡೀಲಿ ಏಳ್ಬೇಡಿ ಮೇಡಂ!” ಅಂದರು ಕಂಡಕ್ಟರು.

ನಾನು ಗಕ್ಕನೆ ಕೂತುಬಿಟ್ಟೆ. ಕೂತಮೇಲೆ ಯಾಕೆ ಕೂತೆ ಅಂತ ನನಗೇ ಗೊತ್ತಾಗಲಿಲ್ಲ.

ಅವರು ಎಡಗಡೆ ಇಂಡಿಕೇಟರ್ ಹಾಕಿದರು. ಕನ್ನಡಿ ನೋಡಿದರು. ಒಂದು ಮರದ ನೆರಳು ನೋಡಿ ಬಸ್ಸನ್ನು ಪಕ್ಕಕ್ಕೆ ತಂದು ಮೆತ್ತಗೆ ನಿಲ್ಲಿಸಿ ಒಂದು ಬಟನ್ ಒತ್ತಿದರು. ಪರದೆಯಲ್ಲಿ ಬಾಗಿಲು ಬುಸ್ಸೆಂದು ತೆರೆಯಿತು. ಎಲ್ಲರೂ ನನ್ನನ್ನೇ ನೋಡಿದರು.

“ಅವಸರ ಇಲ್ಲ, ನಿಧಾನ ಇಳೀರಿ” ಅಂದರು ಡ್ರೈವರು.

ಹಿಂದಿನ ಸಾಲಿನವರು ನನಗೆ ದಾರಿ ಬಿಡಲು ಮೊಣಕಾಲು ಓರೆ ಮಾಡಿದರು. ನಾನು ಬ್ಯಾಗನ್ನು ಎದೆಗೆ ಅವಚಿಕೊಂಡು, ಒಬ್ಬೊಬ್ಬರನ್ನೇ ದಾಟಿ, ಹೊಸಿಲಿನ ಹತ್ತಿರ ಬಂದೆ. ಬಂದು ಹಿಂದಿರುಗಿ ನೋಡಿದರೆ, ನಾನು ಎದ್ದ ಕುರ್ಚಿಗೆ ಪಕ್ಕದ ಮನೆಯಾಕೆ ಆಗಲೇ ಟವೆಲ್ ಹಾಕಿ ಸೀಟು ಹಿಡಿದಾಗಿತ್ತು.